ನಕ್ಸಲ್ ಮುಕ್ತ ಎಂದರೆ ಸಾಲದು, ಹಕ್ಕುಪತ್ರ ಕೊಡಿ

2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿಗಳ ಎದುರು ಶರಣಾದರು. ಮೊಕದ್ದಮೆ ಇರುವವರಿಗೆ 7.5 ಲಕ್ಷ ರೂಪಾಯಿವರೆಗಿನ ಪ್ಯಾಕೇಜ್ ಏಕೆ ಎಂದು ವಿರೋಧ ಪಕ್ಷದವರು ಕೆಂಡವಾದರು. ರಾಜ್ಯ ನಕ್ಸಲ್ ಮುಕ್ತವಾಯಿತು ಎಂದು ಸರ್ಕಾರ ಬೀಗಿತು. ಶರಣಾಗತಿ ಸರಿಯೇ, ಎನ್‌ಕೌಂಟರ್‌ಗಿಂತ ಸಾವಿರ ಪಾಲು ಲೇಸು. ಆದರೆ ಇವರು ಕಾಡಿಗೆ ಹೋದದ್ದೇಕೆ ಎಂಬುದನ್ನು ಸರ್ಕಾರವೂ ಕೇಳಲಿಲ್ಲ, ವಿರೋಧ ಪಕ್ಷವೂ ಕೇಳಲಿಲ್ಲ.

1967ರಲ್ಲಿ ಪಶ್ಚಿಮ ಬಂಗಾಳದ ನಕ್ಸಲ್‌ಬಾರಿಯಲ್ಲಿ ಹೊತ್ತಿದ ಕಿಡಿ ಆಂಧ್ರದ ಮೂಲಕ ಮೊದಲು ರಾಯಚೂರಿಗೆ ಬಂತು. ಮಲೆನಾಡಿನಲ್ಲಿ ಅದಕ್ಕೆ ಒಣಗಿದ ಸೌದೆ ಒಟ್ಟಿಕೊಟ್ಟದ್ದು ಸರ್ಕಾರವೇ. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ 1987ರಲ್ಲಿ ಅಧಿಸೂಚನೆ ಹೊರಟಿತು, 2001ರಲ್ಲಿ ಅಂತಿಮವಾಯಿತು. ತಲೆಮಾರುಗಳಿಂದ ಅಲ್ಲೇ ಇದ್ದ ಮಲೆಕುಡಿಯ ಬುಡಕಟ್ಟಿನವರಿಗೆ ಒಕ್ಕಲೇಳುವ ಭಯ. ಅದೇ ಗುಡ್ಡ ಅಗೆಯುತ್ತಿದ್ದ ಅದಿರು ಕಂಪನಿ ಮಾತ್ರ 2005ರ ಕೊನೆಯವರೆಗೂ ನಿಲ್ಲಲಿಲ್ಲ. ನಕ್ಸಲ್ ನಾಯಕ ಸಾಕೇತ್ ರಾಜನ್‌ ತಂಡಕ್ಕೆ ಕಿವಿಗೊಡುವ ಜನ ಸಿಕ್ಕಿದ್ದು ಈ ಅನ್ಯಾಯದಿಂದ.

ಹಾಗೆಂದು ಬಂದೂಕನ್ನು ಸಮರ್ಥಿಸಲಾಗದು. 2003ರಲ್ಲಿ ಕಾರ್ಕಳ ಬಳಿಯ ಈದುವಿನಲ್ಲಿ ನಕ್ಸಲ್ ತಂಡದ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರುವರಿಯಲ್ಲಿ ಸಾಕೇತ್ ಎನ್‌ಕೌಂಟರ್‌ನಲ್ಲಿ ಸತ್ತ ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯ ಕೆಎಸ್‌ಆರ್‌ಪಿ ಶಿಬಿರದ ಮೇಲೆ ನಕ್ಸಲರು ಮುಗಿಬಿದ್ದರು. ಅಲ್ಲಿ ಸತ್ತ ಪೊಲೀಸರೂ ಬಡವರ ಮಕ್ಕಳೇ. 2008ರಲ್ಲಿ ಸೀತಾನದಿಯಲ್ಲಿ ಮೇಷ್ಟ್ರೊಬ್ಬರನ್ನೂ ನಕ್ಸಲರು ಕೊಲ್ಲದೆ ಬಿಡಲಿಲ್ಲ. 2024ರ ನವೆಂಬರಿನಲ್ಲಿ ಪೀತಬೈಲಿನಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ನಕ್ಸಲ್ ನಾಯಕ ವಿಕ್ರಂ ಗೌಡ ಮಲೆಕುಡಿಯನೇ. ಇಷ್ಟು ಹೆಣ ಬಿದ್ದರೂ ಬಂದೂಕು ಒಂದು ಎಕರೆಯ ಹಕ್ಕುಪತ್ರವನ್ನೂ ಕೊಡಿಸಲಿಲ್ಲ. ನಕ್ಸಲರಾಗಿದ್ದ ಸಿರಿಮನೆ ನಾಗರಾಜ್, ನೂರ್ ಜುಲ್ಫಿಕರ್ 2014ರಲ್ಲೇ ಕಾಡು ಬಿಟ್ಟು ಬಂದರು. ಆ ದಾರಿ ತೆರೆಸಲು ಸ್ವಾತಂತ್ರ್ಯ ಹೋರಾಟಗಾರ ದೊರೆಸ್ವಾಮಿ, ಪತ್ರಕರ್ತೆ ಗೌರಿ ಲಂಕೇಶ್ ಹೆಣಗಿದ್ದರು.

ಕಾನಹೊಸಹಳ್ಳಿಯ ನಮಗೇಕೆ ಮಲೆನಾಡಿನ ಉಸಾಬರಿ ಎನ್ನಬೇಡಿ. ಇಲ್ಲಿ ಬಂದೂಕಿಲ್ಲ, ಆದರೆ ಬಗರ್‌ಹುಕುಂ ಸಾಗುವಳಿದಾರ ಸಕ್ರಮಕ್ಕಾಗಿ ಫಾರಂ 57 ಅರ್ಜಿ ಹಿಡಿದು ಕೂಡ್ಲಿಗಿ ತಾಲ್ಲೂಕು ಕಚೇರಿಗೆ ಅಲೆಯುವುದು ತಪ್ಪಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಂತೂ ಬುಡಕಟ್ಟಿಗೆ ಸೇರದವರಿಂದ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ಕೇಳುತ್ತದೆ. ಅಕ್ಷರ ಕಾಣದ ತಾತನ ಕಾಗದವನ್ನು ಮೊಮ್ಮಗ ಎಲ್ಲಿಂದ ತರಬೇಕು?

ನಕ್ಸಲ್ ಮುಕ್ತ ಎಂದು ಎದೆತಟ್ಟಿಕೊಳ್ಳುವ ಸರ್ಕಾರ, ಪ್ರತಿ ತಾಲ್ಲೂಕಿನಲ್ಲಿ ಎಷ್ಟು ಅರ್ಜಿ ಬಂದವು, ಎಷ್ಟು ವಜಾ ಆದವು, ಕಾರಣವೇನು ಎಂಬುದನ್ನು ಗ್ರಾಮಸಭೆಯಲ್ಲಿ ಓದಿಸಲಿ. ವಜಾ ಮಾಡಿದ ಅಧಿಕಾರಿ ಅಲ್ಲೇ ಕೂತು ಜನರಿಗೆ ಉತ್ತರ ಕೊಡಲಿ.