ಆಕಾಶದ ದೂರ, ನೆಲದ ಹೊತ್ತು

ವಿಮಾನಯಾನದ ಮಾತು ಬಂದಾಗ ವ್ಯಾಪಾರಸ್ಥರು ಮೊದಲು ವಿಚಾರಿಸುವುದು ಎರಡು ಊರುಗಳ ನಡುವಿನ ಅಂತರ ಹಾಗೂ ಹಾರಾಟದ ಅವಧಿಯನ್ನು. ಇವು ತಿಳಿದಿರಬೇಕಾದ ಸಂಗತಿಗಳೇ. ಆದರೆ ವ್ಯವಹಾರದ ಯೋಜನೆಗೆ ಇವಿಷ್ಟೇ ಸಾಲವು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆ ವ್ಯಾಪಾರಕ್ಕೆ ವಾರಾಣಸಿಯ ಮಾರ್ಗ ಇದಕ್ಕೆ ಒಳ್ಳೆಯ ನಿದರ್ಶನ. ಕರ್ನಾಟಕದ ಕಚ್ಚಾ ರೇಷ್ಮೆಗೆ ಅಲ್ಲಿನ ನೇಕಾರಿಕೆ ಹಳೆಯ ಗಿರಾಕಿ.

ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ವಾರಾಣಸಿಯ ಬಾಬತ್‌ಪುರ ನಿಲ್ದಾಣಕ್ಕೆ ನೇರ ರೇಖೆಯಲ್ಲಿ ಸುಮಾರು 1,460 ಕಿ.ಮೀ. ವೈಮಾನಿಕರ ಲೆಕ್ಕದಲ್ಲಿ ಇದು 790 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ.ಗೆ ಸಮ, ಇದನ್ನು ಸಾಧಾರಣ ಮೈಲಿಯೆಂದು ಗುಣಿಸಿದವರಿಗೆ ಸುಮಾರು 190 ಕಿ.ಮೀ. ಕಡಿಮೆ ಬರುತ್ತದೆ. ನೇರ ವಿಮಾನಕ್ಕೆ ಹೆಚ್ಚುಕಡಿಮೆ ಎರಡೂವರೆ ಗಂಟೆ ಬೇಕು. ದೆಹಲಿಯಲ್ಲಿ ವಿಮಾನ ಬದಲಿಸಿದರೆ ಹಾರುವ ದೂರವೇ 2,300 ಕಿ.ಮೀ. ಮೀರುತ್ತದೆ, ಕಾಯುವಿಕೆ ಬೇರೆ. ಟಿಕೆಟಿನಲ್ಲಿ ಉಳಿಸಿದ ಹಣ ಅರ್ಧ ದಿನದ ಕೆಲಸಕ್ಕೆ ಎರವಾಗುವುದು ಇಲ್ಲಿಯೇ.

ನೇರ ವಿಮಾನದಲ್ಲಿಯೂ ಪ್ರಯಾಣ ಎರಡೂವರೆ ಗಂಟೆಗೆ ಮುಗಿಯುವುದಿಲ್ಲ. ವಿಜಯಪುರದಿಂದ ನಿಲ್ದಾಣಕ್ಕೆ ಮುಕ್ಕಾಲು ಗಂಟೆ, ಹೊರಡುವ ಮುನ್ನ ತಪಾಸಣೆಗೆಂದು ಎರಡು ಗಂಟೆ, ಇಳಿದ ಮೇಲೆ ಸಾಮಾನು ಪಡೆಯಲು ಅರ್ಧ ಗಂಟೆ, ಬಾಬತ್‌ಪುರದಿಂದ ಸುಮಾರು 25 ಕಿ.ಮೀ. ದೂರದ ನಗರದ ಗಲ್ಲಿಗಳನ್ನು ಸೇರಲು ಒಂದು ಗಂಟೆ. ಒಟ್ಟು ಏಳು ಗಂಟೆಗೆ ಸಮೀಪ. ಡಿಸೆಂಬರ್, ಜನವರಿಗಳಲ್ಲಿ ಗಂಗಾ ಬಯಲಿನ ಮಂಜು ಕವಿದರೆ ಈ ಲೆಕ್ಕವೂ ನಿಲ್ಲದು. ದೇವನಹಳ್ಳಿಯ ಬೆಳಗಿನ ಮಂಜೂ ಅದಕ್ಕೆ ತನ್ನ ಪಾಲು ಸೇರಿಸುವುದುಂಟು.

2008ರ ಮೇ 24ರಂದು ನಿಗದಿತ ವಿಮಾನಗಳು ಎಚ್‌.ಎ.ಎಲ್. ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಗೆ ಬಂದವು. ಎರಡು ನಿಲ್ದಾಣಗಳ ನಡುವೆ ನೇರ ರೇಖೆಯಲ್ಲಿ 28 ಕಿ.ಮೀ.; ಉತ್ತರಕ್ಕೆ ಹಾರುವ ವಿಮಾನಕ್ಕೆ ಇದರಿಂದ ಉಳಿಯುವುದು ಎರಡು ನಿಮಿಷ. ಆದರೆ ನಗರದ ದಟ್ಟಣೆಯನ್ನು ದಾಟಿ ಎಚ್‌.ಎ.ಎಲ್. ಸೇರಬೇಕಾಗಿದ್ದ ವಿಜಯಪುರದ ರೀಲರುಗಳಿಗೆ ಉಳಿದದ್ದು ಗಂಟೆಗಳು. ಪೀಣ್ಯದ ಕೈಗಾರಿಕೋದ್ಯಮಿಗಳಿಗೆ ಇಷ್ಟು ಅನುಕೂಲವಾಗಲಿಲ್ಲ ಎಂಬುದೂ ನಿಜ. ಅಂದರೆ ಪ್ರಯಾಣದ ಹೊತ್ತು ಕುಗ್ಗಿದ್ದು ಆಕಾಶದಲ್ಲಲ್ಲ, ನೆಲದ ಮೇಲೆ.

ಆದ್ದರಿಂದ ವಾಣಿಜ್ಯ ಸಂಸ್ಥೆಗಳು ಹೊಸ ವಿಮಾನಗಳಿಗಾಗಿ ಮನವಿ ಸಲ್ಲಿಸುವಷ್ಟೇ ಆಸಕ್ತಿಯನ್ನು ನೆಲದ ಸಂಪರ್ಕದ ಬಗೆಗೂ ವಹಿಸುವುದು ಅಗತ್ಯ. ನಸುಕಿನ ವಿಮಾನಗಳ ವೇಳೆಗೆ ಹೊಂದುವ ಬಸ್ಸು ವಿಜಯಪುರದಿಂದ ನಿಲ್ದಾಣಕ್ಕೆ ನಿಶ್ಚಿತವಾಗಿ ಹೊರಡಬೇಕು. ರೇಷ್ಮೆ ಹಗುರವಾದ, ಬೆಲೆಬಾಳುವ ಸರಕು. ವಿಮಾನ ಸಾಗಣೆಗೆ ಯೋಗ್ಯ. ಆದರೆ ತೂಕ, ತಪಾಸಣೆ, ಕಾಗದಪತ್ರಗಳಿಗಾಗಿ ಅದನ್ನು ಹಾರಾಟಕ್ಕೆ ಹಲವು ಗಂಟೆ ಮೊದಲೇ ಒಪ್ಪಿಸಬೇಕಾಗುತ್ತದೆ. ಲಾರಿ ಬಾಡಿಗೆಯೊಡನೆ ವಿಮಾನದ ದರವನ್ನು ಹೋಲಿಸುವವರು ಗೂಡಿನ ಮಾರುಕಟ್ಟೆಯ ಊರಿನಿಂದ ಮಗ್ಗದ ಮನೆಯವರೆಗಿನ ಇಡೀ ಅವಧಿಯನ್ನು ಎದುರಿಗಿಟ್ಟುಕೊಂಡು ಹೋಲಿಸತಕ್ಕದ್ದು.