ಓಶುನ್ ನದಿಯ ದೇವರಕಾಡು

ಪೂಜೆಗೆ ಎಲೆ, ಹೂ, ನೀರುಗಳನ್ನು ಬಳಸುವ ಮತಗಳು ಲೋಕದಲ್ಲಿ ಹಲವುಂಟು. ಆದರೆ ಆ ಎಲೆಯನ್ನು ಕೊಟ್ಟ ಗಿಡವೂ, ಆ ನೀರನ್ನು ತಂದ ಹೊಳೆಯೂ ಸುಖವಾಗಿರಬೇಕೆಂಬುದನ್ನು ಪೂಜೆಯ ಅಂಗವೆಂದೇ ಎಣಿಸುವವರು ಎಷ್ಟು ಮಂದಿ? ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಈ ತಿಂಗಳು ನಮ್ಮ ವಾಚಕರನ್ನು ಆಫ್ರಿಕಾ ಖಂಡದ ಪಶ್ಚಿಮ ಭಾಗಕ್ಕೆ ಕರೆದೊಯ್ಯಬೇಕೆಂದು ಬಯಸಿದ್ದೇವೆ.

ನೈಜೀರಿಯಾ ದೇಶದ ನೈಋತ್ಯದಲ್ಲಿಯೂ, ನೆರೆಯ ಬೆನಿನ್ ಮತ್ತು ಟೋಗೋ ದೇಶಗಳ ಕೆಲವೆಡೆಗಳಲ್ಲಿಯೂ ಯೊರುಬಾ ಎಂಬ ಜನರು ವಾಸಿಸುತ್ತಾರೆ. ಇವರಲ್ಲಿ ಕ್ರೈಸ್ತರೂ ಮುಸಲ್ಮಾನರೂ ಈಗ ಬಹಳವಾಗಿದ್ದಾರೆ. ಆದರೂ ಪೂರ್ವಿಕರಿಂದ ಬಂದ ಈಫಾ ಪದ್ಧತಿಯು ಅಳಿದುಹೋಗಿಲ್ಲ. ಮಗುವಿನ ಹುಟ್ಟು, ಮದುವೆ, ಕಾಯಿಲೆ, ಪ್ರಯಾಣ ಮೊದಲಾದ ಸಂದರ್ಭಗಳಲ್ಲಿ ದೈವದ ಇಂಗಿತವನ್ನು ಕೇಳಿ ನಡೆಯುವ ಕ್ರಮವಿದು. ಇದನ್ನು ಬಲ್ಲ ಪುರೋಹಿತನಿಗೆ ಬಬಲಾವೊ ಎಂದು ಹೆಸರು. 'ರಹಸ್ಯಗಳ ತಂದೆ' ಎಂಬುದು ಅದರ ಅರ್ಥ.

ಕೇಳುವ ರೀತಿಯೂ ತಿಳಿಯತಕ್ಕದ್ದೇ. ಬಬಲಾವೊನು ಮರದ ತಟ್ಟೆಯ ಮೇಲೆ ಮರದ ನುಣ್ಣನೆಯ ಹುಡಿಯನ್ನು ಹರಡಿ, ಎಣ್ಣೆತಾಳೆಯ 16 ಬೀಜಗಳನ್ನು ಒಂದು ಕೈಯಲ್ಲಿ ಹಿಡಿದು ಮತ್ತೊಂದು ಕೈಯಿಂದ ಥಟ್ಟನೆ ಬಾಚಿಕೊಳ್ಳುತ್ತಾನೆ. ಒಂದು ಬೀಜ ಉಳಿದರೆ ಹುಡಿಯಲ್ಲಿ ಎರಡು ಗೆರೆ. ಎರಡು ಉಳಿದರೆ ಒಂದು ಗೆರೆ. ಹೀಗೆ 8 ಸಲ ಬಿದ್ದ ಗುರುತುಗಳು ಸೇರಿ ಒಂದು 'ಒಡು' ಆಗುತ್ತದೆ. ಇಂಥ ಒಡುಗಳು ಒಟ್ಟು 256. ಒಂದೊಂದಕ್ಕೂ ಸೇರಿದ ಪದ್ಯಗಳೂ ಕಥೆಗಳೂ ಅಪಾರವಾಗಿದ್ದು, ಬಬಲಾವೊನು ಅವನ್ನು ಅನೇಕ ವರ್ಷಗಳ ಶಿಷ್ಯವೃತ್ತಿಯಿಂದ ಬಾಯಿಪಾಠ ಮಾಡಿರುತ್ತಾನೆ. ಈ ವಿದ್ಯೆಯನ್ನು ಯುನೆಸ್ಕೋ ಸಂಸ್ಥೆಯು 2005ರಲ್ಲಿ ಮಾನವಕುಲದ ಮೌಖಿಕ ಪರಂಪರೆಯ ಶ್ರೇಷ್ಠ ಕೃತಿಗಳಲ್ಲೊಂದೆಂದು ಸಾರಿತು. ಗ್ರಂಥವೆಲ್ಲವೂ ಮನುಷ್ಯನ ನೆನಪಿನಲ್ಲಿದೆ. ಬೀಜ, ತಟ್ಟೆ, ಹುಡಿಗಳೋ ಮರಗಳಿಂದ ಬಂದವು. ಎಂದಮೇಲೆ ಕಾಡು ಹೋದರೆ ಈಫಾ ಉಳಿಯುವುದಾದರೂ ಹೇಗೆ?

ದೈವದ ಮಾತು ತಿಳಿದ ತರುವಾಯ ಕಾಣಿಕೆ ಸಲ್ಲಿಸುವುದೂ, ಹಲವು ವೇಳೆ ಎಲೆಗಳಿಂದ ಔಷಧ ಮಾಡುವುದೂ ಉಂಟು. ಎಲೆಗಳಿಗೆ ಓಸಾನ್ಯಿನ್ ಎಂಬ ಪ್ರತ್ಯೇಕ ದೇವತೆಯೇ ಇದ್ದಾನೆ. ಗಿಡವನ್ನು ಅರೆದ ಮಾತ್ರಕ್ಕೆ ಅದರ ಗುಣ ಏಳುವುದಿಲ್ಲವೆಂದೂ, ಅದರ ಹೆಸರಿಗೆ ಹೊಂದುವ ಮಂತ್ರದಿಂದ ಅದನ್ನು ಕರೆಯಬೇಕೆಂದೂ ಇವರ ನಂಬಿಕೆ. ಫ್ರಾನ್ಸ್ ದೇಶದ ಛಾಯಾಗ್ರಾಹಕರಾದ ಪಿಯೆರ್ ವರ್ಜೆ ಎಂಬವರು (1902–1996) ಸ್ವತಃ ದೀಕ್ಷೆ ಪಡೆದು ಬಬಲಾವೊ ಆದರು; ಎಲೆಗಳ ಹೆಸರುಗಳನ್ನೂ ಮಂತ್ರಗಳನ್ನೂ ದೀರ್ಘಕಾಲ ಸಂಗ್ರಹಿಸಿ 1995ರಲ್ಲಿ ದೊಡ್ಡದೊಂದು ಗ್ರಂಥವಾಗಿ ಪ್ರಕಟಿಸಿದರು. ಮಂತ್ರದ ಫಲವನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಆದರೆ ಹೆಸರು ಹಿಡಿದು ಕರೆಯಬೇಕಾದರೆ ಗಿಡದ ಗುರುತು ಚೆನ್ನಾಗಿರಬೇಕು. ಗುರುತಿದ್ದವನು ಅದನ್ನು ವೃಥಾ ಕಡಿಯಲಾರನು. ಈ ಲಾಭವನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಈ ಭಾವನೆಯು ಕಣ್ಣಿಗೆ ಕಾಣುವಂತೆ ನಿಂತಿರುವ ಸ್ಥಳವು ಓಶೋಗ್ಬೋ ಪಟ್ಟಣದ ಅಂಚಿನಲ್ಲಿದೆ. ಓಶುನ್ ನದಿಯ ಇಕ್ಕೆಲಗಳಲ್ಲಿ ಸುಮಾರು 75 ಹೆಕ್ಟೇರು, ಎಂದರೆ 185 ಎಕರೆಗಳಷ್ಟು, ದಟ್ಟವಾದ ದೇವರಕಾಡು ಇದು. ನದಿಯೇ ಇಲ್ಲಿ ದೇವಿ. ಅವಳ ಹೆಸರೇ ನದಿಯ ಹೆಸರು. ಊರಿಗೆ ನೆಲೆ ಹುಡುಕುತ್ತ ಬಂದವರು ಮರವೊಂದನ್ನು ಕಡಿಯಲು ಅದು ನದಿಗೆ ಬಿದ್ದಿತಂತೆ. ಆಗ ನೀರಿನೊಳಗಿಂದ, ತನ್ನ ಬಣ್ಣದ ಗಡಿಗೆಗಳೆಲ್ಲ ಒಡೆದುಹೋದುವೆಂದು ದೇವಿಯು ಗದರಿಸಿದಳೆಂದು ಸ್ಥಳಪುರಾಣವು ಹೇಳುತ್ತದೆ. ಬಟ್ಟೆಗೆ ಬಣ್ಣ ಹಾಕುವುದು ಅಲ್ಲಿಯ ಹೆಂಗಸರ ಹಳೆಯ ಕಸುಬು. ತಮ್ಮಂತೆಯೇ ಮನೆವಾರ್ತೆ ನಡೆಸುವವಳು ನದಿಯಲ್ಲಿದ್ದಾಳೆಂದು ತಿಳಿದ ಜನರು ಆ ಕಾಡಿನಲ್ಲಿ ಬೇಟೆಯಾಡುವುದನ್ನೂ, ಮೀನು ಹಿಡಿಯುವುದನ್ನೂ, ಮರ ಕಡಿಯುವುದನ್ನೂ ನಿಷೇಧಿಸಿದರು.

ಹಿಂದೆ ಯೊರುಬಾ ಊರುಗಳ ಹೊರಗೆಲ್ಲ ಇಂಥ ಕಾಡುಗಳಿದ್ದುವು. 20ನೆಯ ಶತಮಾನದಲ್ಲಿ ಅವುಗಳಲ್ಲಿ ಹೆಚ್ಚಿನವು ಕುಗ್ಗಿದುವು, ಇಲ್ಲವೇ ನಾಶವಾದುವು. ಓಶೋಗ್ಬೋದ ಕಾಡಿಗೂ ಅದೇ ಗತಿ ಬರುತ್ತಿತ್ತು. 1950ರಲ್ಲಿ ನೈಜೀರಿಯಾಕ್ಕೆ ಬಂದ ಆಸ್ಟ್ರಿಯಾ ದೇಶದ ಕಲಾವಿದೆ ಸುಜಾನ್ನೆ ವೆಂಗರ್ ಈ ಮತಕ್ಕೆ ಒಲಿದು, ದೀಕ್ಷೆ ಪಡೆದು, ಸ್ಥಳೀಯ ಕುಶಲಕರ್ಮಿಗಳನ್ನು ಕೂಡಿಕೊಂಡು ಹಾಳುಬಿದ್ದ ಗುಡಿಗಳನ್ನು ಮತ್ತೆ ಕಟ್ಟಿದರು. ಕಾಡನ್ನು ಕಬಳಿಸಲು ಬಂದವರನ್ನು ಎದುರಿಸಿದರು. 1965ರಲ್ಲಿ ಕಾಡಿನ ಒಂದು ಭಾಗವು ರಾಷ್ಟ್ರೀಯ ಸ್ಮಾರಕವಾಯಿತು. 2005ರಲ್ಲಿ ಇಡೀ ಕಾಡು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ವೆಂಗರ್ ಅವರು 2009ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.

ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ಇಲ್ಲಿ ದೊಡ್ಡ ಉತ್ಸವ ನಡೆಯುತ್ತದೆ. ಅರುಗ್ಬಾ ಎಂಬ ಕನ್ಯೆಯು ಕಾಣಿಕೆಗಳ ಸೋರೆಬುರುಡೆಯನ್ನು ತಲೆಯ ಮೇಲೆ ಹೊತ್ತು ನದಿಗೆ ನಡೆಯುತ್ತಾಳೆ. ಮಕ್ಕಳ ಭಾಗ್ಯವನ್ನೂ ಆರೋಗ್ಯವನ್ನೂ ಬೇಡುವವರು ನದಿಯ ನೀರನ್ನು ಕುಡಿಯುತ್ತಾರೆ; ಪಾತ್ರೆಗಳಲ್ಲಿ ತುಂಬಿ ಮನೆಗೂ ಒಯ್ಯುತ್ತಾರೆ.

ದುಃಖದ ಸಂಗತಿಯು ಇಲ್ಲಿಯೇ ಇದೆ. 2020ರ ಈಚಿನ ವರ್ಷಗಳಲ್ಲಿ ಆ ನೀರು ಕೆಸರಿನ ಬಣ್ಣಕ್ಕೆ ತಿರುಗಿತು. ನದಿಯ ಮೇಲ್ಭಾಗದ ಪ್ರದೇಶದಲ್ಲಿ ಚಿನ್ನಕ್ಕಾಗಿ ನೆಲವನ್ನು ಅಗೆದು ತೊಳೆಯುವವರ ಹೊಲಸು ಹೊಳೆಗೆ ಸೇರಿದುದೇ ಇದಕ್ಕೆ ಮುಖ್ಯ ಕಾರಣವೆಂದು ದೂರು ಎದ್ದಿತು. ನೀರನ್ನು ಕುಡಿಯಬಾರದೆಂದು ಭಕ್ತರಿಗೆ ಎಚ್ಚರಿಕೆ ಕೊಡಬೇಕಾಯಿತು. ಕಾಡಿನಲ್ಲಿ ಒಂದು ಮೀನನ್ನೂ ಮುಟ್ಟದ ಜನರ ಕಣ್ಣೆದುರಿಗೇ, ಬೇರೆಲ್ಲಿಯೋ ಕಲಕಿದ ಮಣ್ಣು ದೇವಿಯ ಮನೆಯೊಳಗೆ ಹರಿದುಬಂದಿತು.

ಇದರಿಂದ ತಿಳಿಯಬೇಕಾದುದೇನು? ಕಾಡಿಗೆ ಎಲ್ಲೆ ಹಾಕಿ ಕಾಯಬಹುದು. ಹರಿಯುವ ನೀರಿಗೆ ಎಲ್ಲೆಯಿಲ್ಲ. ಒಂದೂರಿನ ಭಕ್ತಿಯು ಆ ಊರಿನ ಮರಗಳನ್ನು ಉಳಿಸೀತು. ಹೊಳೆಯನ್ನು ಉಳಿಸಬೇಕಾದರೆ ಮೇಲಿನ ಊರಿನವರಿಗೂ ಕೆಳಗಿನವರ ನೆನಪಿರಬೇಕು, ಆಳುವವರ ಕಟ್ಟಳೆಯೂ ಬಿಗಿಯಾಗಿರಬೇಕು. ಈಫಾ ಪದ್ಧತಿಯು ಹೊಳೆಯನ್ನು ತಾಯಿಯೆಂದು ಕರೆದು ತನ್ನ ಪಾಲಿನ ಕರ್ತವ್ಯವನ್ನು ನೆರವೇರಿಸಿದೆ. ಆ ತಾಯಿಯ ನೀರು ಮತ್ತೆ ತಿಳಿಯಾಗುವಂತೆ ಮಾಡುವ ಹೊಣೆಯು ಅವಳನ್ನು ಪೂಜಿಸದವರ ಮೇಲೆಯೂ ಇದೆ.