ಹದಿನೇಳು ಗಂಟೆ ಮತ್ತು ಇಪ್ಪತ್ತಮೂರು ಗಂಟೆ

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಅದನ್ನು ನಡೆಸಿದವರೆಲ್ಲರೂ ಮಹಿಳೆಯರು. ಎರಡು ನಿಲ್ದಾಣಗಳ ನಡುವಣ ನೇರ ದೂರ ಸುಮಾರು 14,000 ಕಿ.ಮೀ.; ಭೂಮಿಯ ಸುತ್ತಳತೆಯ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು. ಪಂಚಾಂಗದ ಪ್ರಕಾರ ನಡುವೆ ಒಂದಿಡೀ ದಿನ ಮಾಯವಾದಂತೆ ಕಂಡರೂ, ಹದಿಮೂರೂವರೆ ಗಂಟೆಗಳ ಕಾಲವ್ಯತ್ಯಾಸವನ್ನು ಕಳೆದರೆ ಪ್ರಯಾಣದ ಅವಧಿ ಸುಮಾರು 17 ಗಂಟೆ ಮಾತ್ರ.

ಶಾಲೆಯ ಗೋಡೆಯ ಮೇಲಿನ ಭೂಪಟವನ್ನು ನೋಡಿದವರಿಗೆ ಈ ವಿಮಾನ ಶಾಂತಸಾಗರವನ್ನು ದಾಟಿ ಬರಬೇಕೆಂದು ತೋರುತ್ತದೆ. ಆದರೆ ಭೂಗೋಳದ ಮೇಲೆ ದಾರವನ್ನು ಬಿಗಿದು ಹಿಡಿದರೆ ಅದು ಉತ್ತರ ಧ್ರುವದ ಬಳಿ ಹಾಯುತ್ತದೆ. ವಿಮಾನ ಬಂದುದೂ ಆ ದಾರಿಯಲ್ಲಿಯೇ. ಚಪ್ಪಟೆಯಾದ ಹಾಳೆ ದೂರವನ್ನು ಕುರಿತು ಸುಳ್ಳು ಹೇಳುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ವಿಮಾನಗಳ ವೇಳಾಪಟ್ಟಿಯೂ ಒಂದು ಚಪ್ಪಟೆ ಹಾಳೆಯೇ ಎಂಬುದು ನನ್ನ ಅಭಿಪ್ರಾಯ. ದೆಹಲಿಯಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 1,700 ಕಿ.ಮೀ.; ಎರಡೂಮುಕ್ಕಾಲು ಗಂಟೆ. 2022ರ ಆಷಾಢದಲ್ಲಿ ತಾಯಿಯವರು ತೀರಿಕೊಂಡ ಸುದ್ದಿ ಬಂದಾಗ ನಾನೂ ಈ ಲೆಕ್ಕವನ್ನೇ ನಂಬಿ ಸಂಜೆ ನಾಲ್ಕಕ್ಕೆ ಮನೆ ಬಿಟ್ಟೆ. ವಿಮಾನ ಹೊತ್ತಿಗೆ ಸರಿಯಾಗಿಯೇ ಇಳಿಯಿತು. ದೇವನಹಳ್ಳಿಯಿಂದ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಹನ್ನೊಂದು ಕಳೆದು, ಸಾಗರದ ಕಡೆಯ ರಾತ್ರಿ ಬಸ್ಸು ಹೊರಟುಹೋಗಿತ್ತು. ಬಾಡಿಗೆ ಕಾರು ಹಿಡಿಯಬಾರದಿತ್ತೇ ಎಂದು ಓದುಗರು ಕೇಳಬಹುದು. ಆ ಮಳೆಯಲ್ಲಿ ಮಲೆನಾಡಿನತ್ತ ಹೊರಡಲು ಯಾವ ಚಾಲಕನೂ ಒಪ್ಪಲಿಲ್ಲ. ಮುಂಜಾನೆಯ ಬಸ್ಸಿನಲ್ಲಿ ಸುಮಾರು 370 ಕಿ.ಮೀ. ಸಾಗಿ, ಸಾಗರದಿಂದ ಜೀಪು ಹಿಡಿದು ಊರು ಸೇರಿದಾಗ ಅಪರಾಹ್ನ ಮೂರು ಗಂಟೆ. ಬಾಗಿಲಿನಿಂದ ಬಾಗಿಲಿಗೆ ಇಪ್ಪತ್ತಮೂರು ಗಂಟೆ. ಅಷ್ಟು ಹೊತ್ತು ಕಾಯಿಸುವುದು ಸಾಧ್ಯವಿರಲಿಲ್ಲ, ತಮ್ಮನೇ ಕೊಳ್ಳಿಯಿಟ್ಟಿದ್ದ.

ಶಿವಮೊಗ್ಗದಲ್ಲಿ 2023ರಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಆರಂಭವಾದಾಗ ನಮ್ಮ ಸಂಘದಲ್ಲಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಬರಿಯ ರನ್‌ವೇಯಿಂದ ಊರು ಹತ್ತಿರವಾಗದು. ಮೈಸೂರಿಗೆ ಕೆಂಪೇಗೌಡ ನಿಲ್ದಾಣದ ಹೊಸ್ತಿಲಿನಿಂದಲೇ ರಾಜ್ಯ ಸಾರಿಗೆಯ ಫ್ಲೈಬಸ್ ಹೊರಡುತ್ತದೆ. ರಾತ್ರಿ ವಿಮಾನಗಳ ವೇಳೆಗೆ ಹೊಂದಿಕೊಂಡಂತೆ ಇಂಥ ಬಸ್ಸುಗಳು ಪ್ರತಿಯೊಂದು ಜಿಲ್ಲಾ ಕೇಂದ್ರಕ್ಕೂ ಹೊರಡಬೇಕು, ಅಲ್ಲಿಂದ ಮುಂದೆ ತಾಲ್ಲೂಕಿಗೆ ಜೋಡಣೆಯಿರಬೇಕು. ಇದಕ್ಕೆ ಹೊಸ ನಿಲ್ದಾಣ ಬೇಕಿಲ್ಲ, ಎರಡು ವೇಳಾಪಟ್ಟಿಗಳನ್ನು ಒಂದೇ ಮೇಜಿನ ಮೇಲಿಟ್ಟು ನೋಡುವ ಅಧಿಕಾರಿ ಸಾಕು. ನಾನೂ ಅಧಿಕಾರಿಯೇ ಆದ್ದರಿಂದ, ಅದೆಷ್ಟು ಕಷ್ಟವೆಂದು ಬಲ್ಲೆ.

ಹೊರನಾಡ ಸಂಘಗಳು ರಾಜ್ಯೋತ್ಸವಕ್ಕೆ ಮಂತ್ರಿಗಳನ್ನು ಕರೆಸುತ್ತವೆ, ಶಾಲು ಹೊದಿಸುತ್ತವೆ, ಭವನಕ್ಕೆ ಅನುದಾನ ಕೇಳುತ್ತವೆ. ಈ ನವೆಂಬರಿನ ಮನವಿಪತ್ರದಲ್ಲಿ ಈ ಬಸ್ಸುಗಳ ಬೇಡಿಕೆಗೂ ಒಂದು ಸಾಲು ಮೀಸಲಿಡೋಣವೆಂದು ಸೂಚಿಸುತ್ತೇನೆ.